ದನಕರುಗಳ ನೆರಳು: ಅಶೋಕನಿಂದ ಅಮೃತಮಹಲಿನವರೆಗೆ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಯುದ್ಧ, ಸಿಂಹಾಸನ, ಕೋಟೆ, ದೇವಾಲಯಗಳು. ಶಾಲೆಯ ಪಠ್ಯಪುಸ್ತಕ ನಮಗೆ ಕಲಿಸಿದ್ದೂ ಅದನ್ನೇ. ಆದರೆ ಆ ಯುದ್ಧಗಳಿಗೆ ಫಿರಂಗಿ ಎಳೆದ ಎತ್ತುಗಳು ನಡುಹಗಲಲ್ಲಿ ಎಲ್ಲಿ ನಿಂತು ಸುಧಾರಿಸಿಕೊಂಡವು, ನಮ್ಮ ಹಿರಿಯರ ಹೆಗಲ ಮೇಲಿನ ಕಂಬಳಿಗೆ ಉಣ್ಣೆ ಕೊಟ್ಟ ಕುರಿ ವೈಶಾಖದ ಬಿಸಿಲನ್ನು ಹೇಗೆ ಕಳೆಯಿತು ಎಂದು ನಾವು ಕೇಳಿದವರಲ್ಲ. ಕೇಳಿದರೆ ಉತ್ತರ ಸಿಗದೆ ಹೋಗುವುದಿಲ್ಲ. ಕಲ್ಲಿನ ಶಾಸನದಲ್ಲಿದೆ, ಮೈಸೂರು ಸಂಸ್ಥಾನದ ದಾಖಲೆಗಳಲ್ಲಿದೆ, ಕುರುಬರ, ಗೊಲ್ಲರ ದಿನಚರಿಯಲ್ಲಿದೆ.

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಗಳಲ್ಲಿ ನೆಲೆಸಿರುವ ನಮ್ಮ ಪೈಕಿ ಕರಾವಳಿಯವರಿದ್ದಾರೆ, ಘಟ್ಟದ ಮೇಲಿನವರಿದ್ದಾರೆ, ಬಿಜಾಪುರ, ಕಲಬುರ್ಗಿ, ರಾಯಚೂರುಗಳ ಬಿಸಿಲುಂಡವರೂ ಇದ್ದಾರೆ. ಕರಾವಳಿಯ ಬಂಧುಗಳಿಗೆ ನೆರಳು ಬೇಡಿ ಪಡೆಯುವ ವಸ್ತುವಲ್ಲ. ಅಂಗಳ ದಾಟಿದರೆ ಹಲಸು, ಮಾವು, ತೆಂಗು. ಬಯಲುಸೀಮೆಯವರಿಗೆ ಮಾತ್ರ ನೆರಳು ಒಂದು ಆಸ್ತಿ. ನೀರಿನಂತೆ, ಮೇವಿನಂತೆ ಅದನ್ನೂ ಹುಡುಕಬೇಕು, ಕಾಪಾಡಬೇಕು, ಹಂಚಿಕೊಳ್ಳಬೇಕು. ಈ ಆಸ್ತಿಯ ಕಥೆಯನ್ನು ತಿಳಿದಷ್ಟು ಹೇಳುವುದು ಈ ಲೇಖನದ ಉದ್ದೇಶ.

ಶಾಸನದಲ್ಲಿ ನೆರಳು

ದೆಹಲಿಯಲ್ಲಿ ಫಿರೋಜ್ ಷಾ ಕೋಟ್ಲಾದ ಮೇಲೆ ಒಂದು ಅಶೋಕಸ್ತಂಭ ನಿಂತಿದೆ. ಮೂಲದಲ್ಲಿ ಅದು ಇದ್ದುದು ಇಂದಿನ ಹರಿಯಾಣದ ತೋಪ್ರಾ ಎಂಬಲ್ಲಿ. ೧೪ನೆಯ ಶತಮಾನದಲ್ಲಿ ಸುಲ್ತಾನ್ ಫಿರೋಜ್ ಷಾ ತುಘಲಕ್ ಅದನ್ನು ದೆಹಲಿಗೆ ಸಾಗಿಸಿದ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದರ ಲಿಪಿಯನ್ನು ಬಿಡಿಸಿ ಓದಿದ. ಅದರಲ್ಲಿರುವ ಏಳನೆಯ ಸ್ತಂಭಶಾಸನದಲ್ಲಿ ಅಶೋಕ ತಾನು ಮಾಡಿಸಿದ ಕೆಲಸಗಳನ್ನು ಹೇಳಿಕೊಳ್ಳುತ್ತಾನೆ. ದಾರಿಗಳ ಬದಿಯಲ್ಲಿ ಆಲದ ಮರಗಳನ್ನು ನೆಡಿಸಿದ್ದು, ಮಾವಿನ ತೋಪು ಹಾಕಿಸಿದ್ದು, ಬಾವಿ ತೋಡಿಸಿದ್ದು, ನೀರು ಕುಡಿಯುವ ನೆಲೆಗಳನ್ನು ಮಾಡಿಸಿದ್ದು. ಆಲದ ಮರ ಯಾರಿಗಾಗಿ ಎಂಬುದನ್ನೂ ಅಲ್ಲೇ ಸ್ಪಷ್ಟಪಡಿಸುತ್ತಾನೆ. ಪಶುಗಳಿಗೆ ಮತ್ತು ಮನುಷ್ಯರಿಗೆ ನೆರಳಾಗಲೆಂದು. ಪಶುವಿನ ಹೆಸರು ಮೊದಲು, ಮನುಷ್ಯನದು ಆಮೇಲೆ. ಇಂಥ ಸುಖವನ್ನು ಹಿಂದಿನ ಅರಸರೂ ಜನರಿಗೆ ಕೊಟ್ಟಿದ್ದಾರೆ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಅವನಿಗಿದೆ. ಅಂದಮೇಲೆ ದನಕರುಗಳಿಗೆ ನೆರಳು ಮಾಡಿಕೊಡುವುದು ಕ್ರಿ.ಪೂ. ೩ನೆಯ ಶತಮಾನದ ವೇಳೆಗಾಗಲೇ ಹಳೆಯ ರೂಢಿಯಾಗಿತ್ತು.

ಎರಡನೆಯ ಬಂಡೆಶಾಸನದಲ್ಲಿಯೂ ಇದೇ ಮಾತು ಬರುತ್ತದೆ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು, ದಾರಿಬದಿಯಲ್ಲಿ ಮರ, ಬಾವಿ. ಬಳ್ಳಾರಿ ಸೀಮೆಗೆ ದೂರವಲ್ಲದ, ಗುತ್ತಿಯ ಬಳಿಯ ಎರ್ರಗುಡಿಯ ಬಂಡೆಗಳ ಮೇಲೆ ಈ ಶಾಸನ ಇಂದಿಗೂ ಇದೆ.

ನಮ್ಮ ಠಾಣೆಯ ಮಗ್ಗುಲಲ್ಲೇ ಇರುವ ಸೋಪಾರಾವನ್ನು ಇಲ್ಲಿ ನೆನೆಯಬೇಕು. ಈಗ ಪಾಲ್‌ಘರ್ ಜಿಲ್ಲೆಗೆ ಸೇರಿರುವ ಈ ಊರು ೨೦೧೪ರವರೆಗೆ ಠಾಣೆ ಜಿಲ್ಲೆಯದೇ. ವಿರಾರ್ ಗಾಡಿಯಲ್ಲಿ ಕೂತವರು ನಾಲಾ ಸೋಪಾರಾ ಎಂಬ ಫಲಕವನ್ನು ನಿತ್ಯ ನೋಡುತ್ತಾರೆ. ಅದು ಒಂದು ಕಾಲದ ದೊಡ್ಡ ಬಂದರು ಎಂಬುದು ಗದ್ದಲದಲ್ಲಿ ನೆನಪಾಗುವುದಿಲ್ಲ. ೧೮೮೨ರಲ್ಲಿ ಪಂಡಿತ ಭಗವಾನಲಾಲ್ ಇಂದ್ರಜಿಯವರಿಗೆ ಅಲ್ಲಿ ಅಶೋಕನ ಎಂಟನೆಯ ಬಂಡೆಶಾಸನದ ತುಂಡೊಂದು ದೊರೆಯಿತು. ೧೯೫೬ರಲ್ಲಿ ಒಂಬತ್ತನೆಯದರ ತುಂಡೂ ಸಿಕ್ಕಿತು. ಒಂದು ಕಾಲಕ್ಕೆ ಅಲ್ಲಿ ಹದಿನಾಲ್ಕು ಶಾಸನಗಳ ಪೂರ್ತಿ ಸಾಲೇ ಇದ್ದಿರಬೇಕೆಂದು ವಿದ್ವಾಂಸರ ಊಹೆ. ಹಾಗಿದ್ದಲ್ಲಿ, ಪ್ರಾಣಿಗಳಿಗಾಗಿ ದಾರಿಯಲ್ಲಿ ಮರ ನೆಡಿಸಿದ ಆ ಎರಡನೆಯ ಶಾಸನವೂ ನಾವಿಂದು ಬದುಕುತ್ತಿರುವ ಈ ಕೊಂಕಣದ ದಡದಲ್ಲಿ ಓದುವವರಿಗಾಗಿ ನಿಂತಿತ್ತು ಎನ್ನಬೇಕು.

ಕನ್ನಡನಾಡಿನಲ್ಲಿ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನವನ್ನು ಕಂಡುಹಿಡಿದರು. ತಂದೆತಾಯಿಗಳ ಸೇವೆ ಮಾಡಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಒಂದು ಭಾಗದ ತಾತ್ಪರ್ಯ. ಈ ಸ್ಥಳವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ನಮ್ಮ ಕಥೆ ಸುತ್ತಿ ಬಳಸಿ ಮತ್ತೆ ಇದೇ ಸೀಮೆಗೆ ಬರಲಿದೆ.

ಬಿಸಿಲು ಪ್ರಾಣಿಯನ್ನು ಹೇಗೆ ಕಾಡುತ್ತದೆ?

ಮೊಳಕಾಲ್ಮೂರು, ಚಳ್ಳಕೆರೆ ತಾಲೂಕುಗಳು ಕರ್ನಾಟಕದಲ್ಲೇ ಅತಿ ಕಡಿಮೆ ಮಳೆ ಕಾಣುವ ಪ್ರದೇಶಕ್ಕೆ ಸೇರಿದವು. ಒಂದು ವರ್ಷದಲ್ಲಿ ಬೀಳುವ ಮಳೆ ೫೦ ಸೆಂಟಿಮೀಟರಿನ ಆಸುಪಾಸು. ನಮ್ಮ ಠಾಣೆಯಲ್ಲಿ ಒಂದು ಜುಲೈ ತಿಂಗಳಲ್ಲೇ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಅಂಥ ನೆಲದಲ್ಲಿ ಹೊಲದ ಬೇಸಾಯವನ್ನೇ ನಂಬಿ ಕೂರಲಾಗದು. ಆದ್ದರಿಂದ ಕುರುಬರು, ಕಾಡುಗೊಲ್ಲರು, ಮ್ಯಾಸಬೇಡರು ತಲೆತಲಾಂತರದಿಂದ ಕುರಿ, ಆಡು, ದನಗಳನ್ನೇ ನಂಬಿದರು. ಕಾಡುಗೊಲ್ಲರ ಹಾಡುಗಬ್ಬದ ವೀರ ಜುಂಜಪ್ಪ ದನ ಕಾಯುವವನು. ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ಸಾಕಿ ಸಲಹುವ ಕಿಲಾರಿಗೆ ಇಂದಿಗೂ ವಿಶೇಷ ಗೌರವವುಂಟು.

ಇಂಥ ಕಡೆ ನೆರಳು ಏನು ಮಾಡುತ್ತದೆ? ನಮ್ಮಲ್ಲಿ ಬಹಳ ಮಂದಿ ನೆರಳಿನಲ್ಲಿ ಗಾಳಿ ತಂಪಾಗಿರುತ್ತದೆ ಎಂದು ತಿಳಿದಿದ್ದೇವೆ. ಉಷ್ಣಮಾಪಕ ಹಿಡಿದು ನೋಡಿದರೆ ಮರದಡಿಯ ಗಾಳಿಗೂ ಬಯಲಿನ ಗಾಳಿಗೂ ಅಂತರ ಅಲ್ಪ. ವ್ಯತ್ಯಾಸವಿರುವುದು ಕಿರಣದಲ್ಲಿ. ನಡುಹಗಲಿನ ಸೂರ್ಯ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು ೧,೦೦೦ ವ್ಯಾಟ್ ಶಕ್ತಿ ಸುರಿಸುತ್ತಾನೆ, ಅಂದರೆ ಮನೆಯಲ್ಲಿ ನೀರು ಕಾಯಿಸುವ ಒಂದು ಸಣ್ಣ ವಿದ್ಯುತ್ ಸುರುಳಿಯಷ್ಟು. ಜೊತೆಗೆ ಕಾದ ನೆಲ ಕೆಳಗಿನಿಂದ ಶಾಖ ಬೀರುತ್ತದೆ. ಬಯಲಲ್ಲಿ ನಿಂತ ಆಡು ಮೇಲಿನಿಂದಲೂ ಕೆಳಗಿನಿಂದಲೂ ಬೇಯುತ್ತದೆ. ಇದು ಸಾಲದೆಂದು ಅದರ ಹೊಟ್ಟೆಯೊಳಗೆ ಮೇವು ಹುದುಗಿ ಕರಗುವಾಗ ಬೇರೆ ಶಾಖ ಹುಟ್ಟುತ್ತದೆ. ನೆರಳಿಗೆ ಬಂದೊಡನೆ ನೇರ ಬಿಸಿಲು ತಪ್ಪುತ್ತದೆ, ಕಾಲಡಿಯ ನೆಲವೂ ತಣ್ಣಗಿರುತ್ತದೆ. ಗಾಳಿ ಅಷ್ಟೇ ಬಿಸಿಯಾಗಿದ್ದರೂ ಹೊರೆ ಬಹಳ ಇಳಿಯುತ್ತದೆ.

ಆಡಿನ ಮೈಶಾಖ ಸಹಜವಾಗಿ ೩೯ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸು ಇರುತ್ತದೆ. ಅದನ್ನು ಅಲ್ಲೇ ನಿಲ್ಲಿಸಿಕೊಳ್ಳಲು ಆಡಿಗೆ ಮುಖ್ಯವಾದ ದಾರಿ ತೇಕುವುದು. ನಮ್ಮಂತೆ ಧಾರಾಳವಾಗಿ ಬೆವರುವ ಮೈ ಅದರದಲ್ಲ. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಹದಿನೈದರಿಂದ ಮೂವತ್ತು ಸಲ ಉಸಿರಾಡುವ ಪ್ರಾಣಿ ತೀವ್ರ ಬಿಸಿಲಿನಲ್ಲಿ ನೂರನ್ನೂ ದಾಟುತ್ತದೆ. ತೇಕುವುದೂ ಒಂದು ದುಡಿಮೆಯೇ. ಅದಕ್ಕೆ ಶಕ್ತಿ ಬೇಕು, ನೀರು ಬೇಕು. ಶಾಖ ಹೆಚ್ಚಿದಾಗ ಅದು ಮೇವನ್ನೂ ಕಡಿಮೆ ಮಾಡುತ್ತದೆ. ಹಾಲು ಇಳಿಯುತ್ತದೆ, ಮರಿ ಸೊರಗುತ್ತದೆ, ಹೋತದ ಬೀಜಶಕ್ತಿ ಕುಗ್ಗುತ್ತದೆ. ಒಣಸೀಮೆಯಲ್ಲಿ ಒಂದು ಮರದ ನೆರಳು ಎಂದರೆ ಇಷ್ಟೆಲ್ಲ ಲೆಕ್ಕ.

ಕುರಿಗಾಹಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೇಸಿಗೆಯಲ್ಲಿ ಹೊತ್ತು ಮೂಡುವ ಮುಂಚೆ ಮೇಯಿಸು, ಬಿಸಿಲೇರಿದಾಗ ಮರದಡಿ ಇಲ್ಲವೆ ಕೆರೆಯಂಗಳದಲ್ಲಿ ತರುಬು, ಇಳಿಹೊತ್ತಿನಲ್ಲಿ ಮತ್ತೆ ಎಬ್ಬಿಸು ಎಂಬುದು ಅವನ ದಿನಚರಿ. ಮರವೇ ಇಲ್ಲದ ಬಯಲಲ್ಲಿ ಕುರಿಗಳು ಒತ್ತೊತ್ತಾಗಿ ನಿಂತು, ಒಂದರ ತಲೆಯನ್ನು ಇನ್ನೊಂದರ ಹೊಟ್ಟೆಯಡಿ ತೂರಿಸುವುದನ್ನು ನಮ್ಮಲ್ಲಿ ಹಲವರು ರೈಲಿನ ಕಿಟಕಿಯಿಂದಲಾದರೂ ಕಂಡಿದ್ದೇವೆ. ಕುರಿ ಪೆದ್ದು ಎಂದು ನಗುವವರು ನಗಲಿ. ಅದು ಜೊತೆಯ ಕುರಿಯ ನೆರಳನ್ನೇ ತನ್ನ ತಲೆಗೆ ಕೊಡೆ ಮಾಡಿಕೊಳ್ಳುತ್ತಿದೆ.

ಕರಿ ಕಂಬಳಿ, ಕರಿ ಆಡು

ಇಲ್ಲೊಂದು ಸಹಜವಾದ ಪ್ರಶ್ನೆ. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರುತ್ತದೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಹಾಗಿದ್ದರೆ ಬಿಸಿಲುನಾಡಿನ ದಖ್ಖನಿ ಕುರಿ ಏಕೆ ಕಪ್ಪು? ಮರಾಠವಾಡದ ಉಸ್ಮಾನಾಬಾದಿ ಆಡು ಬಹುಪಾಲು ಏಕೆ ಕಪ್ಪು? (ಉಸ್ಮಾನಾಬಾದ್ ಈಗ ಧಾರಾಶಿವ.)

ಈ ಪ್ರಶ್ನೆಯನ್ನು ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಬೆದುಯಿನ್ ಜನರ ಕರಿ ಆಡುಗಳನ್ನು ಮುಂದಿಟ್ಟುಕೊಂಡು ಷ್ಕೋಲ್ನಿಕ್, ಟೇಲರ್, ಫಿಂಚ್ ಮೊದಲಾದ ವಿಜ್ಞಾನಿಗಳು ಪರೀಕ್ಷಿಸಿದರು. ೧೯೮೦ರಲ್ಲಿ ಫಲಿತಾಂಶಗಳು ಪ್ರಕಟವಾದವು. ಕರಿ ಆಡು ಬಿಳಿಯದಕ್ಕಿಂತ ಹೆಚ್ಚು ಬಿಸಿಲು ಹೀರುವುದು ನಿಜ, ಬೇಸಿಗೆಯಲ್ಲಿ ಅದಕ್ಕೆ ಹೆಚ್ಚು ನೀರು ಖರ್ಚಾಗುವುದೂ ನಿಜ. ಆದರೆ ಅದು ಎರಡು, ಮೂರು, ನಾಲ್ಕು ದಿನಕ್ಕೊಮ್ಮೆ ನೀರು ಕುಡಿದು ತಾಳಬಲ್ಲದು. ಕುಡಿಯುವಾಗ ತನ್ನ ತೂಕದ ಮೂರನೆಯ ಒಂದು ಭಾಗದಷ್ಟನ್ನು ಒಮ್ಮೆಗೇ ಕುಡಿಯಬಲ್ಲದು. ಮೇವಿಲ್ಲದ ಚಳಿಗಾಲದಲ್ಲಿ ಅದೇ ಕಪ್ಪು ಕೂದಲು ಬಿಸಿಲು ಹೀರಿ ಮೈ ಬೆಚ್ಚಗಿಟ್ಟು ಮೇವಿನ ಖರ್ಚನ್ನು ಉಳಿಸುತ್ತದೆ. ಬೇಸಿಗೆಯ ನಷ್ಟಕ್ಕೆ ಚಳಿಗಾಲದ ಲಾಭ ಸರಿದೂಗುತ್ತದೆ.

ಉಣ್ಣೆಯ ವಿಷಯವೂ ಹೀಗೆಯೇ. ಆಸ್ಟ್ರೇಲಿಯಾದಲ್ಲಿ ಮೆರಿನೋ ಕುರಿಗಳನ್ನು ಬಿಸಿಲಲ್ಲಿ ನಿಲ್ಲಿಸಿ ಅಳೆದಾಗ ಉಣ್ಣೆಯ ತುದಿ ೮೦ ಡಿಗ್ರಿಗೂ ಮೀರಿ ಕಾದಿತ್ತು. ಒಳಗಿನ ಚರ್ಮ ಮಾತ್ರ ೪೨ರ ಸುಮಾರಿನಲ್ಲಿತ್ತು. ಉಣ್ಣೆ ಕುರಿಯ ಮೈಮೇಲೇ ಬೆಳೆದ ಚಪ್ಪರ. ಮೈಮೇಲೆ ಕರಿ ಕಂಬಳಿ ಹೊದ್ದು ಬಿಸಿಲಲ್ಲಿ ನಿಂತ ಕುರುಬಣ್ಣನನ್ನು ಕಂಡು ಪೇಟೆಯವರು ಬೆರಗಾಗುತ್ತಿದ್ದರು. ಅವನು ಕುರಿಯಿಂದಲೇ ಆ ಪಾಠ ಕಲಿತಿದ್ದ.

ಕಾವಲುಗಳ ಕ್ರಮ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನೆರಳನ್ನು ಒಂದು ಸರ್ಕಾರ ಲೆಕ್ಕಕ್ಕೆ ಹಿಡಿದು ವ್ಯವಸ್ಥೆ ಮಾಡಿದ ನಿದರ್ಶನ ನಮ್ಮ ಮೈಸೂರಿನಲ್ಲೇ ಇದೆ. ಅದು ಅಮೃತಮಹಲ್.

ವಿಜಯನಗರದ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಅರಸರ ಪ್ರತಿನಿಧಿಯ ಕರುಹಟ್ಟಿಯಿಂದ ಇದರ ಮೂಲ ಹೇಳುತ್ತಾರೆ. ಮೈಸೂರು ಒಡೆಯರು ದನಗಳ ಮೇವಿಗೆಂದು ಕಾವಲುಗಳನ್ನು ಬಿಟ್ಟರು. ಚಿಕ್ಕದೇವರಾಜ ಒಡೆಯರ (ಆಳ್ವಿಕೆ ೧೬೭೨–೧೭೦೪) ಕಾಲದಲ್ಲಿ ಇದು ಬೆಣ್ಣೆಚಾವಡಿ ಎಂಬ ಇಲಾಖೆಯಾಯಿತು. ಅರಮನೆಗೆ ಹಾಲು, ಬೆಣ್ಣೆ ಒದಗಿಸುವುದು ಅದರ ಕೆಲಸ. ಹೈದರಾಲಿ ಅದೇ ದನಗಳ ಎತ್ತುಗಳನ್ನು ದಂಡಿಗೆ ಹೂಡಿದ. ಚಿದಂಬರದ ಕಡೆಗೆ ಎರಡೂವರೆ ದಿನದಲ್ಲಿ ೧೦೦ ಮೈಲಿ ಫಿರಂಗಿಗಳೊಡನೆ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಗೆಜೆಟಿಯರ್ ಬರೆದಿದೆ. ಟಿಪ್ಪು ಬೆಣ್ಣೆಚಾವಡಿಯನ್ನು ಅಮೃತಮಹಲ್ ಎಂದು ಕರೆದು, ಹಾಗಲವಾಡಿ ಪಾಳೆಯಗಾರರ ದನಗಳನ್ನೂ ಅದಕ್ಕೆ ಸೇರಿಸಿ, ಆಡಳಿತಕ್ಕೆ ಹುಕುಂನಾಮೆ ಹೊರಡಿಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಯ ದನಗಳು ಕೂಡಿ ಅಮೃತಮಹಲ್ ತಳಿಯಾಯಿತು.

ಈ ದನಗಳು ಕೊಟ್ಟಿಗೆಯಲ್ಲಿ ಬೆಳೆದವಲ್ಲ. ವರ್ಷವಿಡೀ ಬಯಲಿನಲ್ಲೇ. ಹಾಗಾಗಿ ಅವುಗಳ ಮನೆ ಎಂದರೆ ಕಾವಲು. ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಬೇಸಿಗೆಯ ಕಾವಲುಗಳನ್ನು ಆರಿಸಿದ ರೀತಿಯನ್ನು ಗಮನಿಸಬೇಕು. ಅವು ಹೆಚ್ಚಾಗಿ ಕೆರೆಯಂಗಳಗಳು. ನೀರು ಹಿಂದೆ ಸರಿದ ಜಾಗದಲ್ಲಿ ತೇವ ಉಳಿದು ಹಸಿರು ಹುಲ್ಲು ಚಿಗುರುತ್ತದೆ, ನೆರಳಿಗೆ ಮರಗಳೂ ಇರುತ್ತವೆ. ನೀರು, ಮೇವು, ನೆರಳು ಮೂರೂ ಒಂದೆಡೆ ಇದ್ದರೆ ಮಾತ್ರ ಅದು ಬೇಸಿಗೆ ಕಾವಲು. ಇವುಗಳಲ್ಲಿ ಒಂದನ್ನು ತೆಗೆದರೂ ಉಳಿದೆರಡು ವ್ಯರ್ಥ. ಮೇವಿದ್ದು ನೆರಳಿಲ್ಲದಿದ್ದರೆ ದನ ಮೇಯುವುದಿಲ್ಲ. ನೆರಳಿದ್ದು ನೀರಿಲ್ಲದಿದ್ದರೆ ನಿಲ್ಲುವುದಿಲ್ಲ. ಇಂದಿನ ಪಶುವಿಜ್ಞಾನದ ಪುಸ್ತಕಗಳಲ್ಲಿ ಅಧ್ಯಾಯಗಳಾಗಿ ಬರುವ ವಿಷಯವನ್ನು ಅಂದಿನ ಚಾವಡಿಯ ಗುಮಾಸ್ತರು ಕಾವಲಿನ ಪಟ್ಟಿಯಲ್ಲಿ ಒಂದೊಂದು ಸಾಲಿನಲ್ಲಿ ಬರೆದುಕೊಂಡಿದ್ದರು ಎಂದರೆ ಕಚೇರಿಯಲ್ಲಿ ಕಡತ ತಿರುವುವ ನಮ್ಮಂಥವರಿಗೆ ಹೆಮ್ಮೆಯಾಗದಿರದು.

ವ್ಯವಸ್ಥೆ ಕೆಟ್ಟರೆ ಏನಾಗುತ್ತದೆಂಬುದಕ್ಕೂ ಇದೇ ಅಮೃತಮಹಲ್ ಸಾಕ್ಷಿ. ೧೭೯೯ರಲ್ಲಿ ಟಿಪ್ಪುವಿನ ಪತನದ ನಂತರ ಮೇಲ್ವಿಚಾರಣೆ ಸಡಿಲವಾಗಿ ಹದಿಮೂರು ವರ್ಷಗಳಲ್ಲಿ ದನಗಳು ಕ್ಷೀಣಿಸಿದವು. ೧೮೧೩ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿ ವಹಿಸಿಕೊಂಡ ಮೇಲೆ ಮತ್ತೆ ಚೇತರಿಸಿದವು. ಟಿಪ್ಪುವಿನ ಹುಕುಂನಾಮೆಯನ್ನು ಇಂಗ್ಲಿಷ್ ಅಧಿಕಾರಿಗಳೂ ಗೌರವದಿಂದ ಅನುಸರಿಸಿದರು. ೧೮೬೦ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯಾನ್ ಖರ್ಚು ಉಳಿಸುವುದಕ್ಕಾಗಿ ಇಲಾಖೆಯನ್ನೇ ಮುಚ್ಚಿಸಿ ದನಗಳನ್ನು ಮಾರಿಸಿದ. ಆರೇ ವರ್ಷಗಳಲ್ಲಿ, ೧೮೬೬ರಲ್ಲಿ, ಅದನ್ನು ಮತ್ತೆ ಕಟ್ಟಬೇಕಾಯಿತು. ಉಳಿತಾಯವೆಂದು ಮುಚ್ಚಿದ್ದನ್ನು ಹೆಚ್ಚು ಖರ್ಚು ಮಾಡಿ ತೆರೆಯುವ ಪದ್ಧತಿ ಅಂದಿನಿಂದಲೇ ಇದೆ. ೧೮೮೨ರಲ್ಲಿ ಇಲಾಖೆ ಮೈಸೂರು ಸಂಸ್ಥಾನಕ್ಕೆ ಬಂತು. ೧೯೨೯ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರ ಆರಂಭವಾಯಿತು.

ಬನ್ನಿಮರದ ಬಂಧುತ್ವ

ದಸರೆಯ ದಿನ ನಾವು ಪರಸ್ಪರ ಬನ್ನಿ ಕೊಟ್ಟು ಹಿರಿಯರ ಕಾಲಿಗೆರಗುತ್ತೇವೆ. ಡೊಂಬಿವಲಿಯ ಪೇಟೆಯಲ್ಲಿ ಮರಾಠಿ ಬಂಧುಗಳು ಆಪಟೆಯ ಎಲೆಯನ್ನು ಚಿನ್ನವೆಂದು ಹಂಚುತ್ತಾರೆ. ನಮ್ಮ ಬನ್ನಿ ಬೇರೆ, ಅದೇ ಶಮೀವೃಕ್ಷ. ಈ ಬನ್ನಿಯೇ ರಾಜಸ್ಥಾನದ ಮರುಭೂಮಿಯಲ್ಲಿ ಖೇಜ್ಡಿ ಎನಿಸಿಕೊಂಡಿದೆ ಎಂಬುದು ನಮ್ಮಲ್ಲಿ ಎಷ್ಟೋ ಮಂದಿಗೆ ಹೊಸ ಸಂಗತಿಯಾದೀತು.

ಈ ಮರದ ಗುಣವೊಂದಿದೆ. ಬೇಸಿಗೆಗೆ ಸ್ವಲ್ಪ ಮೊದಲೇ ಹೊಸ ಎಲೆ ಬಿಡುತ್ತದೆ. ಉಳಿದ ಗಿಡಗಳು ಬೋಳಾಗಿ ನಿಂತಾಗ ಇದು ಹಸಿರಾಗಿ ಆಡು, ಒಂಟೆ, ದನಗಳಿಗೆ ನೆರಳು ಕೊಡುತ್ತದೆ. ಸೊಪ್ಪೂ ಒಳ್ಳೆಯ ಮೇವು. ಬೇರು ಬಹಳ ಆಳಕ್ಕೆ ಇಳಿಯುವುದರಿಂದ ಬರಗಾಲವನ್ನು ತಾಳುತ್ತದೆ. ೧೭೩೦ರಲ್ಲಿ ಜೋಧಪುರದ ಅರಮನೆಯ ಸುಣ್ಣದ ಗೂಡಿಗೆ ಸೌದೆ ಬೇಕೆಂದು ಖೇಜಡ್ಲಿ ಎಂಬ ಹಳ್ಳಿಯ ಮರಗಳನ್ನು ಕಡಿಯಲು ಆಳುಗಳು ಬಂದಾಗ ಅಮೃತಾದೇವಿ ಎಂಬ ಬಿಷ್ಣೋಯಿ ಹೆಂಗಸು ಮರವನ್ನು ಅಪ್ಪಿ ನಿಂತಳು. ಅವಳೊಡನೆ ಒಟ್ಟು ೩೬೩ ಮಂದಿ ಪ್ರಾಣ ಕೊಟ್ಟರು. ನಗರದಲ್ಲಿರುವ ನಮಗೆ ಇದು ಅತಿರೇಕವೆನಿಸಬಹುದು. ಮರುಭೂಮಿಯಲ್ಲಿ ಬದುಕುವವರಿಗೆ ಮರ ಹೋದರೆ ಆಡು ಹೋಯಿತು, ಆಡು ಹೋದರೆ ಮನೆ ಹೋಯಿತು. ಅವರ ಧರ್ಮವೂ ಬದುಕೂ ಅಲ್ಲಿ ಒಂದೇ ಮರದ ಅಡಿಯಲ್ಲಿದ್ದವು.

ಸ್ವಾತಂತ್ರ್ಯಾನಂತರ ಅದೇ ಜೋಧಪುರದಲ್ಲಿ ೧೯೫೨ರಲ್ಲಿ ಮರುಭೂಮಿ ಅರಣ್ಯೀಕರಣದ ಕೇಂದ್ರ ಸ್ಥಾಪನೆಯಾಯಿತು. ೧೯೫೯ರಲ್ಲಿ ಅದು ಕೇಂದ್ರೀಯ ಶುಷ್ಕ ವಲಯ ಸಂಶೋಧನ ಸಂಸ್ಥೆಯಾಗಿ ಬೆಳೆಯಿತು. ಅವಿಕಾನಗರದಲ್ಲಿ ಕುರಿ ಮತ್ತು ಉಣ್ಣೆಗೆಂದು ೧೯೬೨ರಲ್ಲಿ, ಮಥುರಾ ಬಳಿಯ ಮಖ್ದೂಮಿನಲ್ಲಿ ಆಡಿಗೆಂದೇ ೧೯೭೯ರಲ್ಲಿ ಸಂಸ್ಥೆಗಳು ಬಂದವು. ಬರಡು ನೆಲದಲ್ಲಿ ಪ್ರಾಣಿಗಳಿಗೆ ಯಾವ ಸೂರು, ಯಾವ ಮರ, ಎಷ್ಟು ನೀರು ಎಂಬುದು ಇಂಥ ಕೇಂದ್ರಗಳ ನಿತ್ಯದ ಪ್ರಶ್ನೆ.

ತಗಡಿನ ಸೂರು, ಎಲೆಯ ಸೂರು

ಯಾವ ನೆರಳು ಒಳ್ಳೆಯದು? ೧೯೪೦ರ ದಶಕದಿಂದ ಅಮೆರಿಕದ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಕೆಲಿ, ಬಾಂಡ್, ಇಟ್ನರ್ ಎಂಬವರು ದನಗಳ ಚಪ್ಪರಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮಾಡಿದರು. ಅದು ಚಳ್ಳಕೆರೆಯನ್ನೂ ಮೀರಿಸುವ ಒಣಸೆಕೆಯ ನಾಡು. ಹುಲ್ಲು ಹೊದಿಸಿದ ಚಪ್ಪರ ಬರಿಯ ತಗಡಿಗಿಂತ ಮೇಲು. ತಗಡನ್ನೇ ಹಾಕುವುದಾದರೆ ಮೇಲ್ಮೈಗೆ ಬಿಳಿ ಬಣ್ಣ ಬಳಿಯಬೇಕು. ಆಕಾಶ ಸ್ವಚ್ಛವಾಗಿರುವ ಒಣನಾಡಿನಲ್ಲಿ ಚಪ್ಪರ ಹತ್ತು-ಹನ್ನೆರಡು ಅಡಿ ಎತ್ತರವಿರಬೇಕು. ಆಗ ಪ್ರಾಣಿಯ ಮೈ ತನ್ನ ಶಾಖವನ್ನು ಬದಿಯ ತಂಪು ಆಕಾಶಕ್ಕೆ ಬೀರಬಲ್ಲದು. ಮೋಡದ ನಾಡಿನಲ್ಲಿ ಸ್ವಲ್ಪ ತಗ್ಗಾದರೂ ನಡೆದೀತು.

ಮರ ಇವೆಲ್ಲಕ್ಕೂ ಮೇಲು. ತಗಡು ಬಿಸಿಲಲ್ಲಿ ಕಾದು ತಾನೇ ಒಲೆಯಾಗಿ ಕೆಳಕ್ಕೆ ಶಾಖ ಬೀರುತ್ತದೆ. ಎಲೆ ನೀರನ್ನು ಆವಿಯಾಗಿಸಿ ತಣ್ಣಗಿರುತ್ತದೆ. ಒಂದು ಎಲೆಯ ಕೆಳಗೆ ಮತ್ತೊಂದು, ಅದರ ಕೆಳಗೆ ಇನ್ನೊಂದು, ನಡುವೆ ಗಾಳಿಯಾಡಲು ಜಾಗ. ಹೊಂಗೆ, ಬೇವು, ಹುಣಸೆ, ಆಲಗಳನ್ನು ಊರ ಮುಂದೆ, ಗೋಕಟ್ಟೆಯ ಪಕ್ಕ, ಗುಂಡುತೋಪುಗಳಲ್ಲಿ ನೆಟ್ಟ ಹಿರಿಯರು ಆರಿಸಿದ್ದು ಸರಿಯಾಗಿಯೇ ಇತ್ತು. ಮಾಗಡಿ ಸೀಮೆಯ ಹುಲಿಕಲ್–ಕುದೂರು ರಸ್ತೆಯಲ್ಲಿ ನೀರು ಹೊತ್ತು ಆಲದ ಸಾಲು ಬೆಳೆಸಿ, ೨೦೧೯ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನವರು ಶಾಸನ ಓದಿದವರಲ್ಲ. ಅಶೋಕನ ಕೆಲಸವನ್ನೇ ಅವರೂ ಮಾಡಿದರು.

ನಮ್ಮ ಕೊಂಕಣದ ಮಾತು ಸ್ವಲ್ಪ ಬೇರೆ. ಇಲ್ಲಿ ಸೆಕೆ ಒಣ ಸೆಕೆಯಲ್ಲ, ಹಸಿ ಸೆಕೆ. ಗಾಳಿಯಲ್ಲಿ ನೀರಿನ ಅಂಶ ತುಂಬಿರುವಾಗ ಬೆವರೂ ಆರದು, ತೇಕುವುದರಿಂದಲೂ ತಂಪಾಗದು. ೧೯೭೧ರಲ್ಲಿ ಆರಂಭವಾದ ದೇವನಾರ್ ಪೇಟೆಗೆ ಬಕ್ರೀದಿನ ಮುಂಚೆ ರಾಜಸ್ಥಾನದಿಂದ ಲಾರಿಗಟ್ಟಲೆ ಆಡುಗಳು ಬರುತ್ತವೆ. ಅಲ್ಲಿಂದ ಕೊಂಡವರು ನಮ್ಮ ಚಾಳು, ಸೊಸೈಟಿಗಳ ಮೂಲೆಯಲ್ಲಿ ಕಟ್ಟುವುದನ್ನು ಕಾಣುತ್ತೇವೆ. ೪೫ ಡಿಗ್ರಿಯ ಮರಳಿನಲ್ಲಿ ತಾಳಿದ ಪ್ರಾಣಿ ೩೫ ಡಿಗ್ರಿಯ ನಮ್ಮ ಸೆಕೆಯಲ್ಲಿ ಏಕೆ ತೇಕುತ್ತದೆ ಎಂದರೆ ಕಾರಣ ಇದೇ. ಇಲ್ಲಿ ನೆರಳೊಂದೇ ಸಾಲದು. ಗಾಳಿಯಾಡಬೇಕು, ಕಾಲಡಿ ಒಣಗಿರಬೇಕು, ಮುಂದೆ ನೀರಿರಬೇಕು. ಕಲ್ಯಾಣದ ಸುತ್ತಿನ ತಬೇಲಾಗಳ ಎಮ್ಮೆಯಂತೂ ಕಪ್ಪು ಚರ್ಮದ, ಕಡಿಮೆ ಬೆವರುವ ಪ್ರಾಣಿ. ಅದಕ್ಕೆ ನೆರಳಿನ ಜೊತೆ ಮೈಮೇಲೆ ನೀರು ಬೀಳಲೇಬೇಕು. ಮಕ್ಕಳು ಇಂಥ ಆಡಿಗೆ ಸೊಪ್ಪು ತಿನ್ನಿಸಲು ಹೋದಾಗ ಒಂದು ಬಾಲ್ದಿ ನೀರನ್ನೂ ಇಡಲು ಹೇಳಿದರೆ ಇತಿಹಾಸದ ಪಾಠವೊಂದು ಮನೆಯಲ್ಲೇ ಆದಂತೆ.

ಕಾವಲು ಕರಗುತ್ತಿದೆ

ಈಗ ಬ್ರಹ್ಮಗಿರಿಯ ಸೀಮೆಗೆ ಮರಳೋಣ. ಚಳ್ಳಕೆರೆ ತಾಲೂಕಿನ ಖುದಾಪುರ, ಉಳ್ಳಾರ್ತಿ ಮುಂತಾದ ಅಮೃತಮಹಲ್ ಕಾವಲುಗಳಲ್ಲಿ ಸುತ್ತಲ ಹಳ್ಳಿಗಳ ಕುರಿ, ಆಡು, ದನಗಳು ಮೇಯುತ್ತಿದ್ದವು. ಚಳ್ಳಕೆರೆಯ ಕಂಬಳಿ ನೇಕಾರರಿಗೆ ಉಣ್ಣೆ ಬರುತ್ತಿದ್ದುದು ಇಂಥ ನೆಲದಿಂದಲೇ. ಈ ಶತಮಾನದ ಮೊದಲ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿ ಸುಮಾರು ೧೦ ಸಾವಿರ ಎಕರೆ ನೆಲವನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, 'ಇಸ್ರೋ', ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳಿಗೆ ಕೊಡಲಾಯಿತು. ೨೦೧೭ರಲ್ಲಿ ಅಲ್ಲಿ ವಿಮಾನಗಳ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ಮೇವಿನ ನೆಲ ಹೋಯಿತೆಂದು ಹಳ್ಳಿಗರು ಮಾಡಿದ ದೂರು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು.

ಇವೆಲ್ಲ ದೇಶಕ್ಕೆ ಬೇಕಾದ ಸಂಸ್ಥೆಗಳೇ. ಕೇಂದ್ರ ಸರ್ಕಾರದ ಅನ್ನ ತಿನ್ನುವ ನಾವು ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮ ಮಾತು ಇಷ್ಟೆ. ಸರ್ಕಾರಿ ಕಾಗದದಲ್ಲಿ ಆ ನೆಲ ಖಾಲಿ ಜಾಗವೆಂದು ಕಂಡಿತು. ಬೆಣ್ಣೆಚಾವಡಿಯ ಪಟ್ಟಿಯಲ್ಲಿ ಅದೇ ಬಗೆಯ ನೆಲ ಬೇಸಿಗೆಯದು, ಮಳೆಗಾಲದ್ದು, ಚಳಿಗಾಲದ್ದು ಎಂದು ಹೆಸರು ಹೊತ್ತಿತ್ತು. ಯಾವ ನೆಲದಲ್ಲಿ ಯಾವ ತಿಂಗಳು ಯಾರು ನಿಲ್ಲುತ್ತಾರೆ ಎಂದು ತಿಳಿಯದೆ ಅದನ್ನು ಖಾಲಿ ಎನ್ನುವುದು ಲೆಕ್ಕದ ಲೋಪ. ಎಲ್ಲ ಕಡೆಯೂ ಹಾಗಾಗಿಲ್ಲ ಎಂಬುದೂ ಸಮಾಧಾನದ ವಿಷಯ. ಕಡೂರು ತಾಲೂಕಿನ ಬಾಸೂರು ಕಾವಲನ್ನು ೨೦೧೧ರಲ್ಲಿ ಕೃಷ್ಣಮೃಗಗಳ ಸಂರಕ್ಷಣೆಗೆಂದು ಮೀಸಲಿಟ್ಟರು. ಆಸ್ಟ್ರೇಲಿಯಾ, ಅಮೆರಿಕಗಳಲ್ಲಿ ಸೌರಶಕ್ತಿಯ ಹಲಗೆಗಳ ನೆರಳಲ್ಲಿ ಕುರಿ ಮೇಯಿಸುವ ರೂಢಿ ಬೆಳೆಯುತ್ತಿದೆ. ಸಾವಿರಾರು ಎಕರೆ ಹಲಗೆ ಹಾಸಿರುವ ನಮ್ಮ ಪಾವಗಡದ ಸೀಮೆಗೂ ಆ ವಿಚಾರ ಹೊಂದುತ್ತದೆ.

ನೆರಳಿನ ಲೆಕ್ಕ ತಪ್ಪಿದರೆ ದಂಡ ತೆರುವುದು ಪ್ರಾಣಿಗಳಷ್ಟೇ ಅಲ್ಲ. ೨೦೨೩ರ ಏಪ್ರಿಲ್ ೧೬ರಂದು ನಮ್ಮ ನವಿ ಮುಂಬಯಿಯ ಖಾರ್ಘರಿನ ಮೈದಾನದಲ್ಲಿ ನಡೆದ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಲಕ್ಷಾಂತರ ಭಕ್ತಜನ ಬಂದಿದ್ದರು. ಬಿಸಿಲಲ್ಲಿ ಗಂಟೆಗಟ್ಟಲೆ ಕೂತವರಲ್ಲಿ ಹದಿನಾಲ್ಕು ಮಂದಿ ಬಿಸಿಲಿನ ಹೊಡೆತಕ್ಕೆ ತೀರಿಕೊಂಡರು. ಅಂದಿನ ಉಷ್ಣತೆ ಹುಬ್ಬೇರಿಸುವಂಥದೇನಲ್ಲ, ಸುಮಾರು ೩೮ ಡಿಗ್ರಿ. ತಲೆಯ ಮೇಲೆ ಸೂರಿರಲಿಲ್ಲ, ಗಾಳಿಯಲ್ಲಿ ಸಮುದ್ರದ ತೇವವಿತ್ತು. ಪಶುಗಳಿಗೂ ಮನುಷ್ಯರಿಗೂ ಎಂದು ಅಶೋಕ ಒಂದೇ ಉಸಿರಿನಲ್ಲಿ ಹೇಳಿದ್ದು ಎಷ್ಟು ಸರಿಯೆಂದು ಆ ದಿನ ತಿಳಿಯಿತು.

ನಾವು ಊರುಬಿಟ್ಟು ಬಂದವರು. ನಮ್ಮ ಪಾಲಿನ ಹೊಲಗಳಲ್ಲಿ ಕೆಲವು ಬೀಳುಬಿದ್ದಿವೆ, ಕೆಲವನ್ನು ದಾಯಾದಿಗಳು ನೋಡಿಕೊಳ್ಳುತ್ತಿದ್ದಾರೆ. ರಜೆಗೆ ಊರಿಗೆ ಹೋದಾಗ ಬದುವಿನಲ್ಲಿರುವ ಹುಣಸೆಯನ್ನೋ ಬೇವನ್ನೋ ಸೌದೆಗೆ ಮಾರುವ ಮಾತು ಮನೆಯಲ್ಲಿ ಎದ್ದೇ ಏಳುತ್ತದೆ. ಮರದ ಬೆಲೆ ಇಷ್ಟು ಸಾವಿರ ಎಂದು ವ್ಯಾಪಾರಿ ಹೇಳುತ್ತಾನೆ. ಅದರಡಿ ನಡುಹಗಲಲ್ಲಿ ಯಾರ ಕುರಿ ನಿಲ್ಲುತ್ತದೆ, ಯಾರ ಆಡು ಮರಿ ಹಾಕುತ್ತದೆ ಎಂಬುದನ್ನು ಅವನು ಲೆಕ್ಕ ಹಾಕುವುದಿಲ್ಲ. ಆ ಲೆಕ್ಕವನ್ನು ನಾವೇ ಹಾಕಬೇಕು. ಸಹಿ ಮಾಡುವ ಮುನ್ನ ಒಂದು ಮಧ್ಯಾಹ್ನ ಆ ಮರದ ಹತ್ತಿರ ಹೋಗಿ ನೋಡಿ ಬರೋಣ.